ಮೊಳಕೆಗೆ ಎಷ್ಟು ನಕ್ಷತ್ರ?

ಮಕ್ಕಳ ಮಾತು ಬಂದರೆ ಸಾಕು, ನಮ್ಮಲ್ಲಿ ಯಾರಾದರೊಬ್ಬರು ‘ಬೆಳೆಯುವ ಸಿರಿ ಮೊಳಕೆಯಲ್ಲಿ ನೋಡು’ ಅನ್ನುತ್ತಾರೆ. ಹೈಸ್ಕೂಲ್ ಮೇಷ್ಟ್ರಾಗಿದ್ದ ಮೂವತ್ತು ವರ್ಷಗಳಲ್ಲಿ ನಾನೂ ಆ ಮಾತನ್ನು ಎಷ್ಟೋ ಜನ ಅಪ್ಪ ಅಮ್ಮಂದಿರಿಗೆ ಹೇಳಿದ್ದೇನೆ. ಗಾದೆಯ ಮೇಲೆ ನನಗೆ ಈಗಲೂ ಗೌರವವಿದೆ. ಆದರೆ ಮೊಳಕೆಯಲ್ಲಿ ನೋಡಬೇಕಾದ್ದು ಏನು, ಎಷ್ಟು ಹೊತ್ತು ನೋಡಬೇಕು, ಕಂಡದ್ದನ್ನು ಯಾರೆದುರು ಹೇಳಬೇಕು ಎಂಬುದನ್ನು ಗಾದೆ ನಮಗೇ ಬಿಟ್ಟಿದೆ. ಈ ಮೂರು ಪ್ರಶ್ನೆಗಳು ನನ್ನನ್ನು ಹಿಡಿದುಕೊಂಡದ್ದು ಟೆಕ್ಸಾಸಿನ ಒಂದು ಹೈಸ್ಕೂಲ್ ಮೈದಾನದಲ್ಲಿ.

ಮಗಳ ಮನೆ ಡಲ್ಲಾಸ್ ಪಕ್ಕದ ಊರಿನಲ್ಲಿ. ಮೊಮ್ಮಗಳು ಶಾಲೆಯ ಮಾರ್ಚಿಂಗ್ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಅಲ್ಲಿ ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗೆ ಶುಕ್ರವಾರ ಸಂಜೆಯೆಂದರೆ ಹೈಸ್ಕೂಲ್ ಫುಟ್‌ಬಾಲ್. ಅರ್ಧ ಆಟ ಮುಗಿದಾಗ ಬ್ಯಾಂಡು. ಬ್ಯಾಂಡ್ ನೋಡಲು ಹೋದವನು ಫುಟ್‌ಬಾಲ್ ನೋಡಲು ಕಲಿತೆ. ಇದು ನಮ್ಮ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಹೆಲ್ಮೆಟ್ ತೊಟ್ಟ ಹನ್ನೊಂದು ಹುಡುಗರು ಇನ್ನು ಹನ್ನೊಂದು ಹುಡುಗರಿಗೆ ಮೈಯೊಡ್ಡಿ ನಿಲ್ಲುವ ಆಟ. ಟೆಕ್ಸಾಸಿನವರಿಗೆ ಅದೆಷ್ಟು ಮುಖ್ಯ ಎಂದು ತಿಳಿಯಲು ಒಂದು ಲೆಕ್ಕ ಸಾಕು: ಡಲ್ಲಾಸಿನ ಉತ್ತರಕ್ಕಿರುವ ಅಲೆನ್ ಎಂಬ ಊರು 2012ರಲ್ಲಿ ತನ್ನ ಹೈಸ್ಕೂಲಿಗೆಂದು 18,000 ಜನ ಕೂರುವ ಕ್ರೀಡಾಂಗಣ ಕಟ್ಟಿಸಿತು. ಖರ್ಚು ಸುಮಾರು 6 ಕೋಟಿ ಡಾಲರ್. ತೇರಿನ ದಿನ ನಮ್ಮ ರಥಬೀದಿ ಹೇಗಿರುತ್ತದೋ, ಶುಕ್ರವಾರ ಆ ಸೀಮೆಯ ಮೈದಾನಗಳು ಹಾಗಿರುತ್ತವೆ.

ಒಂದು ಶುಕ್ರವಾರ ಆಟ ಶುರುವಾಗಲು ಇನ್ನೂ ಮುಕ್ಕಾಲು ಗಂಟೆಯಿತ್ತು. ಹುಡುಗರು ಮೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು. ಬೇಲಿಯ ಬಳಿ ಕಾಲೇಜಿನ ಲಾಂಛನದ ಅಂಗಿ ತೊಟ್ಟವರೊಬ್ಬರು ಕೈಕಟ್ಟಿ ನಿಂತಿದ್ದರು. ಮಗಳು ಮೆಲ್ಲಗೆ ಹೇಳಿದಳು: “ಅಪ್ಪಾ, ಅವರು ಕಾಲೇಜ್ ಕೋಚು. ನಮ್ಮ ಪಕ್ಕದ ಮನೆ ಹುಡುಗನ್ನ ನೋಡೋಕೆ ಬಂದಿರೋದು.”

ಪಕ್ಕದ ಮನೆಯ ಹುಡುಗನದು 72ನೇ ನಂಬರು. ಅವನು ಲೈನ್‌ಮನ್, ಎದುರಾಳಿಯನ್ನು ತಡೆದು ನಿಲ್ಲಿಸುವುದು ಅವನ ಕೆಲಸ. ಇಡೀ ಆಟದಲ್ಲಿ ಚೆಂಡು ಅವನ ಕೈಗೆ ಬರುವುದೇ ಇಲ್ಲ. ಆ ಕೋಚಿನ ಕಣ್ಣೂ ಚೆಂಡಿನ ಹಿಂದೆ ಹೋಗಲಿಲ್ಲ. ಹುಡುಗನ ಪಾದ ನೋಡಿದರು, ಮಂಡಿ ಬಗ್ಗುವುದನ್ನು ನೋಡಿದರು, ಬಿದ್ದರೆ ಎಷ್ಟು ಬೇಗ ಏಳುತ್ತಾನೆ ನೋಡಿದರು. ಮೂರನೆಯ ಕ್ವಾರ್ಟರ್ ಮುಗಿಯುವ ಮೊದಲೇ ಹೊರಟುಹೋದರು. ಅಷ್ಟು ಹೊತ್ತಿನಲ್ಲಿ ಅವರಿಗೆ ಏನು ಕಂಡಿತು? ಆ ಪ್ರಶ್ನೆ ನನ್ನನ್ನು ರಾತ್ರಿಯೆಲ್ಲ ಬಿಡಲಿಲ್ಲ.

ಮರುದಿನ ಬೆಳಿಗ್ಗೆ ಆ ಹುಡುಗನ ಅಜ್ಜ ಅಂಗಳದಲ್ಲಿ ಸಿಕ್ಕರು. ಅವರೂ ಮೇಷ್ಟ್ರು, ಬಹುಕಾಲ ಶಾಲಾ ತಂಡಗಳಿಗೆ ಕೋಚ್ ಆಗಿದ್ದವರು. ಇಬ್ಬರು ನಿವೃತ್ತ ಮೇಷ್ಟ್ರುಗಳು ಸೇರಿದ ಮೇಲೆ ಮಾತಿಗೆ ಬರವುಂಟೆ? ಅವರ ವರಾಂಡದಲ್ಲಿ ಕೂತು ಕಾಫಿ ಕುಡಿಯುತ್ತಾ ನಾನು ಕಾಲೇಜು ತಂಡಕ್ಕೆ ಹುಡುಗರನ್ನು ಆರಿಸುವ ಈ ವಿದ್ಯೆಯ ಒಳಹೊರಗು ಕೇಳಿಕೊಂಡೆ.

ಈಗ ಎಲ್ಲ ಶುರುವಾಗುವುದು ವಿಡಿಯೊದಿಂದ. ನೆಬ್ರಾಸ್ಕಾದ ಲಿಂಕನ್ ಎಂಬ ಊರಿನಲ್ಲಿ 2006ರಲ್ಲಿ ಹುಟ್ಟಿದ ಹಡಲ್ ಎಂಬ ಕಂಪನಿ ಶಾಲಾ ಪಂದ್ಯಗಳ ವಿಡಿಯೊ ಇಡಲು, ಕತ್ತರಿಸಲು, ಕಳಿಸಲು ಒಂದು ವ್ಯವಸ್ಥೆ ಮಾಡಿಕೊಟ್ಟಿತು. ಹುಡುಗ ತನ್ನ ಒಳ್ಳೆಯ ಆಟಗಳನ್ನು ಆರಿಸಿ ಮೂರು ನಾಲ್ಕು ನಿಮಿಷದ ತುಣುಕು ಮಾಡುತ್ತಾನೆ. ಅತ್ಯುತ್ತಮವಾದದ್ದು ಮೊದಲು ಬರಬೇಕು, ಏಕೆಂದರೆ ನೋಡುವವರ ಮುಂದೆ ಇಂಥ ನೂರಾರು ತುಣುಕುಗಳಿರುತ್ತವೆ. ಮೊದಲ ಐದಾರು ಆಟಗಳಲ್ಲಿ ಮನಸ್ಸು ನಿಲ್ಲದಿದ್ದರೆ ಅವರು ಮುಂದಕ್ಕೆ ಹೋಗಿಬಿಡುತ್ತಾರೆ. ಮನಸ್ಸು ನಿಂತರೆ ಇಡೀ ಪಂದ್ಯದ ವಿಡಿಯೊ ಕೇಳುತ್ತಾರೆ. ಅಜ್ಜನ ಪ್ರಕಾರ ಅಸಲಿ ಪರೀಕ್ಷೆ ಅಲ್ಲಿಂದ. ಆರಿಸಿದ ತುಣುಕು ಹುಡುಗ ಏನು ಮಾಡಬಲ್ಲ ಎಂದು ಹೇಳುತ್ತದೆ. ಆಟ ಇನ್ನೊಂದು ಬದಿಗೆ ಹೋದಾಗ ಅವನು ಓಡುತ್ತಾನೋ ನಿಂತು ನೋಡುತ್ತಾನೋ, ಸೋಲು ಖಚಿತವಾದ ಮೇಲೆ ಹೇಗೆ ಆಡುತ್ತಾನೆ, ದಣಿದಾಗ ಸೊಂಟ ಮೇಲೇರುತ್ತದೋ ತಗ್ಗಿಯೇ ಇರುತ್ತದೋ ಎಂಬುದೆಲ್ಲ ಕಾಣುವುದು ಇಡೀ ಪಂದ್ಯದಲ್ಲಿ. ನಾನೂ ಉತ್ತರಪತ್ರಿಕೆ ತಿದ್ದಿದವನು; ಮೊದಲ ಪುಟದ ಅಕ್ಷರಕ್ಕಿಂತ ಕೊನೆಯ ಪುಟದ ಅಕ್ಷರ ಹೆಚ್ಚು ನಿಜ ಹೇಳುತ್ತದೆಂದು ನನಗೆ ಗೊತ್ತು.

ವಿಡಿಯೊ ಹೀಗೆ ಹಾರಾಡುವ ಮೊದಲು ಟಾಮ್ ಲೆಮ್ಮಿಂಗ್ ಎಂಬವರಿದ್ದರು. 1970ರ ದಶಕದ ಕೊನೆಯಿಂದ ಅವರು ವರ್ಷವರ್ಷವೂ ಕಾರಿನಲ್ಲಿ ದೇಶ ಸುತ್ತಿ, ಊರೂರಿನ ಶಾಲೆಗಳಲ್ಲಿ ಹುಡುಗರನ್ನು ಕಣ್ಣಾರೆ ಕಂಡು, ಮಾತಾಡಿಸಿ, ಫೋಟೊ ತೆಗೆದು, ಪುಸ್ತಕ ಮಾಡಿ ಕಾಲೇಜುಗಳಿಗೆ ಕೊಡುತ್ತಿದ್ದರು. ಒಬ್ಬ ಮನುಷ್ಯ ಸಾವಿರಾರು ಮೈಲಿ ಓಡಾಡಿ ಹದಿನೇಳರ ಹುಡುಗರನ್ನು ನೋಡಿ ಬರುತ್ತಿದ್ದದ್ದನ್ನು ನೆನೆದರೆ ನನಗೆ ಜನಪದ ಗೀತೆ ಸಂಗ್ರಹಿಸಲು ಹಳ್ಳಿ ಹಳ್ಳಿ ತಿರುಗಿದ ನಮ್ಮ ಹಿರಿಯರ ನೆನಪಾಗುತ್ತದೆ. ನೋಡುವುದೂ ಒಂದು ತಪಸ್ಸು.

ವಿಡಿಯೊ ಆದ ಮೇಲೆ ಮೈ. ಎತ್ತರ, ತೂಕ, ತೋಳಿನ ಉದ್ದ, ಅಂಗೈಯ ಅಗಲ. ಶಾಲೆಯ ಪಟ್ಟಿಯಲ್ಲಿ ಬರೆದ ಎತ್ತರವನ್ನು ಕಾಲೇಜಿನವರು ನೆಚ್ಚುವುದಿಲ್ಲ. ಒಂದೆರಡು ಅಂಗುಲ ಕೂಡಿಸಿ ಬರೆಯುವುದು ಎಲ್ಲ ಕಡೆಯೂ ಇದೆ. ತಾವೇ ಅಳೆಯುತ್ತಾರೆ. ಅಪ್ಪ ಅಮ್ಮನ ಎತ್ತರವನ್ನೂ ಗಮನಿಸುತ್ತಾರೆ. ಏಕೆಂದರೆ ಅವರಿಗೆ ಬೇಕಾದ್ದು ಇವತ್ತಿನ ಹುಡುಗನಲ್ಲ, ಇನ್ನು ಮೂರು ವರ್ಷದ ಮೇಲಿನ ಗಂಡಸು. ಅದರಲ್ಲೂ ಲೈನ್‌ಮನ್‌ಗಳ ವಿಷಯದಲ್ಲಿ, ಈಗಲೇ ದಪ್ಪಗಿರುವವನಿಗಿಂತ ಉದ್ದ ಎಲುಬಿನ, ಅಗಲ ಭುಜದ, ಇನ್ನೂ ಮೈ ತುಂಬದ ಹುಡುಗನ ಮೇಲೆ ಅವರ ಕಣ್ಣು.

ಇದನ್ನು ಕೇಳುವಾಗ ನನ್ನ ಮನಸ್ಸು ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಯಿತು. ಚಿಕ್ಕವನಿದ್ದಾಗ ಅಪ್ಪ ಕರೆದೊಯ್ಯುತ್ತಿದ್ದರು. ಹಳ್ಳಿಕಾರ್ ಕರು ಕೊಳ್ಳಬೇಕಾದರೆ ಅಪ್ಪ ಹಲ್ಲು ನೋಡುತ್ತಿದ್ದರು, ಗೊರಸು ನೋಡುತ್ತಿದ್ದರು, ಸುಳಿ ನೋಡುತ್ತಿದ್ದರು. ನಾಲ್ಕು ಹೆಜ್ಜೆ ನಡೆಸಿ ಹಿಂದಿನ ಕಾಲು ಮುಂದಿನ ಕಾಲಿನ ಹೆಜ್ಜೆಗೆ ಹೇಗೆ ಬೀಳುತ್ತದೆಂದು ಬಗ್ಗಿ ನೋಡುತ್ತಿದ್ದರು. ಕೊನೆಗೆ “ತಾಯಿ ಎಲ್ಲಿದೆ?” ಅನ್ನುತ್ತಿದ್ದರು. ಎತ್ತಾಗುವುದು ಮುಂದಿನ ಮಾತು. ಕರುವಿನಲ್ಲಿ ಎತ್ತನ್ನು ಕಾಣುವುದು ರೈತನ ವಿದ್ಯೆ. ಟೆಕ್ಸಾಸಿನ ಆ ಅಜ್ಜನಿಗೆ ಇದನ್ನು ಹೇಳಿದೆ. ಅವರ ತಂದೆಯೂ ದನ ಸಾಕಿದವರಂತೆ. “ಸರಿಯಾಗಿ ಹೇಳಿದಿರಿ” ಎಂದು ಬಹಳ ಹೊತ್ತು ತಲೆಯಾಡಿಸಿದರು.

ಮೈಯಾದ ಮೇಲೆ ವೇಗ. ಈ ಆಟದಲ್ಲಿ ವೇಗದ ಅಳತೆಗೋಲು ನಲವತ್ತು ಗಜದ ಓಟ, ಎಂದರೆ ಸುಮಾರು 36.6 ಮೀಟರ್. ನಲವತ್ತೇ ಏಕೆ? ಹಳೆಯ ಕಾಲದ ದೊಡ್ಡ ಕೋಚ್ ಪಾಲ್ ಬ್ರೌನ್ ಇದನ್ನು ರೂಢಿಗೆ ತಂದರೆಂದು ಹೇಳುತ್ತಾರೆ. ಕಾಲಿನಿಂದ ಒದ್ದ ಚೆಂಡು ಸುಮಾರು ಅಷ್ಟು ದೂರ ಹೋಗಿ ಬೀಳುತ್ತದೆ; ಅದು ಬೀಳುವಷ್ಟರಲ್ಲಿ ಅಲ್ಲಿರಬಲ್ಲವನು ಬೇಕು, ಅಷ್ಟೇ. ಆದರೆ ಈ ಓಟದ ಲೆಕ್ಕದಲ್ಲೊಂದು ತೊಡಕಿದೆ. ಸ್ಟಾಪ್‌ವಾಚ್ ಹಿಡಿದವರ ಕಣ್ಣು ಹುಡುಗ ಕದಲಿದ್ದನ್ನು ಕಂಡು ಬೆರಳು ಒತ್ತುವಷ್ಟರಲ್ಲಿ ಓಟ ಶುರುವಾಗಿಬಿಟ್ಟಿರುತ್ತದೆ. ಗೆರೆ ದಾಟುವುದು ದೂರದಿಂದಲೇ ಕಾಣುವುದರಿಂದ ನಿಲ್ಲಿಸುವಾಗ ಅಷ್ಟು ತಡವಾಗುವುದಿಲ್ಲ. ಹೀಗಾಗಿ ಕೈಯಲ್ಲಿ ಒತ್ತಿದ ಲೆಕ್ಕ ಯಂತ್ರದ ಲೆಕ್ಕಕ್ಕಿಂತ ಸೆಕೆಂಡಿನ ಹತ್ತನೆಯ ಒಂದೆರಡು ಭಾಗ ಕಡಿಮೆ ಬರುತ್ತದೆ. ಈ ಆಟದಲ್ಲಿ ಆ ಒಂದೆರಡು ಭಾಗವೇ ಹಣೆಬರಹ. ಅದಕ್ಕೇ ಅನುಭವಿ ಕೋಚುಗಳು ಹುಡುಗ ಅಥ್ಲೆಟಿಕ್ಸ್‌ನಲ್ಲಿ 100 ಮೀಟರ್ ಓಡಿದ್ದಾನೆಯೇ ಎಂದು ಕೇಳುತ್ತಾರೆ. ಅಲ್ಲಿ ಯಂತ್ರ ಅಳೆದ ಸಮಯ ದಾಖಲಾಗಿರುತ್ತದೆ.

ಹುಡುಗ ಬೇರೆ ಆಟವನ್ನೂ ಆಡುವುದು ಅವರಿಗೆ ಇಷ್ಟ. ಕುಸ್ತಿ ಮಾಡಿದವನಿಗೆ ಎದುರಾಳಿಯ ತೂಕವನ್ನು ಮೈಯಿಂದಲೇ ಅಳೆಯುವುದು ಗೊತ್ತಿರುತ್ತದೆ. ಬ್ಯಾಸ್ಕೆಟ್‌ಬಾಲ್ ಆಡುವ ಎತ್ತರದ ಹುಡುಗನ ಪಾದ ಹಗುರವಾಗಿರುತ್ತದೆ. ಟೆಕ್ಸಾಸಿನ ವೈಟ್‌ಹೌಸ್ ಎಂಬ ಊರಿನ ಪ್ಯಾಟ್ರಿಕ್ ಮಹೋಮ್ಸ್ ಶಾಲೆಯಲ್ಲಿ ಬೇಸ್‌ಬಾಲನ್ನೂ ಆಡಿದವರು. ತಂದೆ ವೃತ್ತಿಪರ ಬೇಸ್‌ಬಾಲ್ ಆಟಗಾರರಾಗಿದ್ದವರು. ಯಾವ ಕೋನದಿಂದ ಬೇಕಾದರೂ ಚೆಂಡೆಸೆಯುವ ಅವರ ತೋಳಿನಲ್ಲಿ ಆ ಆಟದ ಪಾಠವಿದೆ. ಶಾಲೆ ಮುಗಿಸಿದಾಗ ಅವರಿಗೆ ಸಿಕ್ಕಿದ್ದು ಮೂರೇ ನಕ್ಷತ್ರ. ಮುಂದೆ ವೃತ್ತಿಪರ ಲೀಗಿನ ಅಂತಿಮ ಪಂದ್ಯವಾದ ಸೂಪರ್ ಬೌಲನ್ನು ಮೂರು ಸಲ ಗೆದ್ದರು.

ನಕ್ಷತ್ರಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಓದುಗರಲ್ಲಿ ಯಾರಾದರೂ ತಂದೆತಾಯಿಗಳಿದ್ದರೆ ಅವರಿಗೆ ಬೇಕಾದ ವಿಷಯವೊಂದಿದೆ: ಅಂಕ. ಕೋಚ್ ಶಾಲೆಗೆ ಬಂದರೆ ಮೊದಲು ಕೇಳುವ ಕಾಗದಗಳಲ್ಲಿ ಅಂಕಪಟ್ಟಿಯೂ ಒಂದು. ಮೊದಲ ದರ್ಜೆಯ ಕಾಲೇಜು ಆಟಕ್ಕೆ, ಅಂದರೆ ಡಿವಿಷನ್ ಒಂದಕ್ಕೆ, ಹುಡುಗ ಹೈಸ್ಕೂಲಿನಲ್ಲಿ 16 ಮುಖ್ಯ ಕೋರ್ಸುಗಳನ್ನು ಮುಗಿಸಿರಬೇಕು. ಅದರಲ್ಲಿ ನಾಲ್ಕು ವರ್ಷ ಇಂಗ್ಲಿಷು, ಮೂರು ವರ್ಷ ಗಣಿತ, ಎರಡು ವರ್ಷ ವಿಜ್ಞಾನ ಕಡ್ಡಾಯ. ಅವುಗಳ ಸರಾಸರಿ ನಾಲ್ಕಕ್ಕೆ 2.3 ಆದರೂ ಇರಬೇಕು. ಹದಿನಾರರಲ್ಲಿ ಹತ್ತು ಕೊನೆಯ ವರ್ಷಕ್ಕೆ ಕಾಲಿಡುವ ಮೊದಲೇ ಮುಗಿದಿರಬೇಕು. ಎಷ್ಟೋ ಒಳ್ಳೆಯ ಆಟಗಾರರು ಒಂಬತ್ತನೆಯ ತರಗತಿಯ ಗಣಿತದಲ್ಲಿ ಸೋತು ಹನ್ನೆರಡನೆಯ ತರಗತಿಯಲ್ಲಿ ಅಳುತ್ತಾರೆ ಎಂದರು ಆ ಅಜ್ಜ. ಕಾಲೇಜ್ ಆಟವನ್ನು ನಡೆಸುವ ಎನ್‌ಸಿಎಎ ಸಂಸ್ಥೆ 2023ರಲ್ಲಿ ಎಸ್‌ಎಟಿ, ಎಸಿಟಿ ಎಂಬ ಕಾಲೇಜು ಪ್ರವೇಶ ಪರೀಕ್ಷೆಗಳ ಕಡ್ಡಾಯವನ್ನು ತೆಗೆದುಹಾಕಿತು. ಹಾಗಾಗಿ ಒಂದು ದಿನದ ಪರೀಕ್ಷೆಗಿಂತ ನಾಲ್ಕು ವರ್ಷದ ಓದಿನ ಮೇಲೇ ಈಗ ಭಾರವೆಲ್ಲ. ಮೇಷ್ಟ್ರಾಗಿ ನನಗಿದು ಹಿಡಿಸಿತು.

ಕೊನೆಯದು ನಡತೆ. ಹುಡುಗನನ್ನು ಭೇಟಿಯಾಗುವ ನಿಯಮಗಳು ಇಲ್ಲಿ ಬಿಗಿಯಾಗಿವೆ. ವರ್ಷವನ್ನು ಬೇರೆ ಬೇರೆ ಅವಧಿಗಳಾಗಿ ಹಂಚಿದ್ದಾರೆ. ಮೌಲ್ಯಮಾಪನದ ಅವಧಿಯಲ್ಲಿ ಕೋಚ್ ಶಾಲೆಗೆ ಬಂದು ಅಭ್ಯಾಸ ನೋಡಬಹುದು, ಶಾಲೆಯವರ ಜೊತೆ ಮಾತಾಡಬಹುದು. ಹುಡುಗನ ಜೊತೆ ಕೂತು ಮಾತಾಡುವಂತಿಲ್ಲ. ಹಾಗಾಗಿ ಅವರು ಸುತ್ತಲಿನವರನ್ನು ಕೇಳುತ್ತಾರೆ. ಶಾಲೆಯ ಕೋಚನ್ನು ಕೇಳುವುದು ಸರಿಯೇ. ಜಾಣರಾದವರು ನೆಲ ಒರೆಸುವವರನ್ನೂ, ಊಟ ಬಡಿಸುವವರನ್ನೂ ಕೇಳುತ್ತಾರೆ. ತನಗೆ ಏನೂ ಲಾಭವಿಲ್ಲದವರ ಜೊತೆ ಹುಡುಗ ಹೇಗೆ ಮಾತಾಡುತ್ತಾನೆ ಎಂಬುದು ಯಾವ ಸ್ಟಾಪ್‌ವಾಚಿಗೂ ಸಿಗದ ಲೆಕ್ಕ.

ಏನನ್ನು ನೋಡಬೇಕು ಎಂಬುದಾಯಿತು. ಕಂಡದ್ದನ್ನು ಯಾರೆದುರು ಹೇಳಬೇಕು ಎಂಬುದರಲ್ಲಿ ನನಗೆ ತಕರಾರಿದೆ.

ಕಾಲೇಜುಗಳ ಜೊತೆಗೆ ಹುಡುಗರನ್ನು ಅಳೆಯುವ ಬೇರೆ ಕಂಪನಿಗಳಿವೆ. ರೈವಲ್ಸ್, ಇಎಸ್‌ಪಿಎನ್, 2010ರಲ್ಲಿ ಶುರುವಾದ 247 ಸ್ಪೋರ್ಟ್ಸ್ ಮುಂತಾದವು. ಅವು ಹುಡುಗರಿಗೆ ಎರಡರಿಂದ ಐದರವರೆಗೆ ನಕ್ಷತ್ರ ಕೊಟ್ಟು, ದೇಶದಲ್ಲಿ ಎಷ್ಟನೆಯವನು, ರಾಜ್ಯದಲ್ಲಿ ಎಷ್ಟನೆಯವನು ಎಂದು ಪಟ್ಟಿ ಹಾಕುತ್ತವೆ. 247 ಸ್ಪೋರ್ಟ್ಸ್ ಸುಮಾರು 32 ಹುಡುಗರಿಗೆ ಐದು ನಕ್ಷತ್ರ ಕೊಡುತ್ತದೆ. ವೃತ್ತಿಪರ ಲೀಗಿನ 32 ತಂಡಗಳು ಡ್ರಾಫ್ಟ್ ಎಂಬ ವಾರ್ಷಿಕ ಆಯ್ಕೆಯ ಮೊದಲ ಸುತ್ತಿನಲ್ಲಿ 32 ಜನರನ್ನು ಆರಿಸುವುದರಿಂದ ಆ ಲೆಕ್ಕ. ಈ ನಕ್ಷತ್ರಗಳು ಸುಳ್ಳು ಎಂದರೆ ಅನ್ಯಾಯವಾಗುತ್ತದೆ. ಈಚಿನ ರಾಷ್ಟ್ರೀಯ ಚಾಂಪಿಯನ್ ತಂಡಗಳನ್ನು ತೆಗೆದುಕೊಂಡರೆ ಅವುಗಳ ಅರ್ಧಕ್ಕಿಂತ ಹೆಚ್ಚು ಹುಡುಗರು ನಾಲ್ಕು, ಐದು ನಕ್ಷತ್ರದವರಾಗಿರುವುದು ರೂಢಿ. ಗುಂಪಿನ ಮೇಲೆ ಲೆಕ್ಕ ಸರಿ ಬರುತ್ತದೆ. ಒಬ್ಬೊಬ್ಬ ಹುಡುಗನ ಮೇಲೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾದ ಫೈರ್‌ಬಾ ಎಂಬ ಸಣ್ಣ ಊರಿನ ರೈತನ ಮಗ ಜಾಶ್ ಆಲೆನ್ ಹೈಸ್ಕೂಲ್ ಮುಗಿಸಿದಾಗ ಯಾವ ದೊಡ್ಡ ಕಾಲೇಜೂ ಕರೆಯಲಿಲ್ಲ. ಆಗವರು ಸಪೂರ ಹುಡುಗ. ರೀಡ್ಲಿ ಎಂಬ ಎರಡು ವರ್ಷದ ಕಾಲೇಜಿಗೆ ಸೇರಿ, ಅಲ್ಲಿಂದ ದೇಶದ ಕೋಚುಗಳಿಗೆಲ್ಲ ಇಮೇಲ್ ಬರೆದರು. ಕೊನೆಗೆ ಕೈ ಹಿಡಿದದ್ದು ವಯೋಮಿಂಗ್ ವಿಶ್ವವಿದ್ಯಾಲಯ. 2018ರ ಡ್ರಾಫ್ಟಿನಲ್ಲಿ ಏಳನೆಯವರಾಗಿ ಆಯ್ಕೆಯಾದರು; 2024ರ ಸಾಲಿನಲ್ಲಿ ಲೀಗಿನ ಅತ್ಯಮೂಲ್ಯ ಆಟಗಾರ ಎನಿಸಿದರು. ವಿಸ್ಕಾನ್ಸಿನ್‌ನ ಜೆ.ಜೆ. ವಾಟ್ ಎರಡು ನಕ್ಷತ್ರದ ಹುಡುಗ. ಮೊದಲ ಕಾಲೇಜು ಬಿಟ್ಟು ಊರಿಗೆ ಬಂದು ಪಿಜ್ಜಾ ಹಂಚಿದರು. ವಿದ್ಯಾರ್ಥಿವೇತನವಿಲ್ಲದೆ ವಿಸ್ಕಾನ್ಸಿನ್ ತಂಡಕ್ಕೆ ಸೇರಿ, ಆಡುವ ಸ್ಥಾನವನ್ನೇ ಬದಲಿಸಿಕೊಂಡು, ಮುಂದೆ 2012, 2014, 2015ರಲ್ಲಿ ಲೀಗಿನ ಅತ್ಯುತ್ತಮ ರಕ್ಷಣಾ ಆಟಗಾರರಾದರು. ನೋಡುವವರ ಕಣ್ಣಿಗೆ ಇವರು ಏಕೆ ಬೀಳಲಿಲ್ಲ? ಮೈ ಇನ್ನೂ ಬೆಳೆಯುತ್ತಿತ್ತು, ಊರು ಸಣ್ಣದು, ಸರಿಯಾದ ಸ್ಥಾನ ಸಿಕ್ಕಿರಲಿಲ್ಲ. ಮೂರಕ್ಕೂ ಮದ್ದು ಒಂದೇ, ಸಮಯ.

ಮತ್ತೆ ಘಾಟಿ ಜಾತ್ರೆಗೆ ಬರುತ್ತೇನೆ. ಅಲ್ಲಿ ವ್ಯಾಪಾರ ಕುದುರಿಸುವಾಗ ದಲ್ಲಾಳಿ ಟವಲಿನ ಅಡಿಯಲ್ಲಿ ಕೈ ಹಿಡಿಯುತ್ತಿದ್ದ. ಯಾವ ಬೆರಳಿಗೆ ಎಷ್ಟು ಎಂಬುದು ಇಬ್ಬರಿಗೇ ಗೊತ್ತು. ಎದುರಿಗೆ ನಿಂತ ನನಗೂ ಬೆಲೆ ತಿಳಿಯುತ್ತಿರಲಿಲ್ಲ. ಕರುವಿನ ಬೆಲೆಗೂ ಅಷ್ಟು ಮರೆ ಇತ್ತು. ಇಲ್ಲಿ ಹದಿನಾರು ಹದಿನೇಳು ವರ್ಷದ ಮಗುವಿನ ಹೆಸರಿನ ಮುಂದೆ ನಕ್ಷತ್ರ ಹಾಕಿ ಲೋಕಕ್ಕೆಲ್ಲ ತೋರಿಸುತ್ತಾರೆ. ಕರುವಿಗೆ ತನ್ನ ಬೆಲೆ ಅರ್ಥವಾಗುವುದಿಲ್ಲ. ಹುಡುಗನಿಗೆ ಅರ್ಥವಾಗುತ್ತದೆ. ತರಗತಿಯಲ್ಲಿ, ಊಟದ ಮನೆಯಲ್ಲಿ, ಅಮ್ಮನ ಮುಖದಲ್ಲಿ ಅವನು ಅದನ್ನೇ ಓದುತ್ತಾನೆ.

2008ರ ಫೆಬ್ರವರಿಯಲ್ಲಿ ನೆವಾಡಾ ರಾಜ್ಯದ ಒಂದು ಸಣ್ಣ ಊರಿನ ಹುಡುಗ ತಾನು ಯಾವ ಕಾಲೇಜಿನ ತಂಡ ಸೇರುತ್ತೇನೆಂದು ಸಾರಲು ಶಾಲೆಯ ಜಿಮ್ನೇಷಿಯಂನಲ್ಲಿ ಮೇಜಿನ ಮುಂದೆ ಕೂತ. ಎದುರಿಗೆ ಸಹಪಾಠಿಗಳು, ಕ್ಯಾಮೆರಾಗಳು. ಮೇಜಿನ ಮೇಲೆ ಎರಡು ವಿಶ್ವವಿದ್ಯಾಲಯಗಳ ಟೋಪಿ. ಒಂದನ್ನು ಎತ್ತಿ ತಲೆಗಿಟ್ಟುಕೊಂಡ. ಜನ ಚಪ್ಪಾಳೆ ತಟ್ಟಿದರು. ಕೆಲವೇ ದಿನಗಳಲ್ಲಿ ಆ ಎರಡು ವಿಶ್ವವಿದ್ಯಾಲಯಗಳೂ ಅವನನ್ನು ಕರೆದೇ ಇರಲಿಲ್ಲವೆಂದು ತಿಳಿಯಿತು. ಎಲ್ಲ ತಾನೇ ಕಟ್ಟಿದ ಕತೆಯೆಂದು ಹುಡುಗ ಒಪ್ಪಿಕೊಂಡ. ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ. ಅಂಥದೊಂದು ಟೋಪಿಯಿಲ್ಲದೆ ತನಗೆ ಬೆಲೆಯಿಲ್ಲ ಎಂದು ಒಂದು ಮಗು ನಂಬಿದರೆ ಆ ನಂಬಿಕೆಯನ್ನು ಬಿತ್ತಿದವರು ದೊಡ್ಡವರೇ.

ನೋಡುವ ಹೊತ್ತು ಈಚೆಗೆ ಇನ್ನೂ ಕಿರಿದಾಗಿದೆ. 2018ರಲ್ಲಿ ಬಂದ ಟ್ರಾನ್ಸ್‌ಫರ್ ಪೋರ್ಟಲ್‌ನಿಂದ ಒಂದು ಕಾಲೇಜಿನ ಆಟಗಾರ ಇನ್ನೊಂದಕ್ಕೆ ಹೋಗುವುದು ಸುಲಭವಾಯಿತು. 2021ರ ಜುಲೈಯಿಂದ ಕಾಲೇಜ್ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. ಆಟಗಾರರಿಗೆ ಇದರಿಂದ ಸಿಕ್ಕ ನ್ಯಾಯ ದೊಡ್ಡದು, ಅದನ್ನು ನಾನು ಮನಸಾರೆ ಒಪ್ಪುತ್ತೇನೆ. ಆದರೆ ಈ ವರ್ಷವೇ ಗೆಲ್ಲಬೇಕಾದ ಕೋಚ್ ಹದಿನೇಳರ ಮೊಳಕೆಗಿಂತ ಇಪ್ಪತ್ತೊಂದರ ಬೆಳೆದ ಪೈರನ್ನೇ ಹುಡುಕುತ್ತಾನೆ. ದೊಡ್ಡ ತಂಡಗಳಲ್ಲಿ 1990ರ ದಶಕದಿಂದ 85 ವಿದ್ಯಾರ್ಥಿವೇತನಗಳ ಮಿತಿಯಿತ್ತು. 2025ರಲ್ಲಿ ಕೋರ್ಟಿನ ಒಪ್ಪಂದವೊಂದರಿಂದ ಅದು ಹೋಗಿ, ತಂಡದಲ್ಲಿ ಒಟ್ಟು 105 ಜನ ಎಂಬ ಮಿತಿ ಬಂತು. ಇದರಿಂದ ವಿದ್ಯಾರ್ಥಿವೇತನ ಹೆಚ್ಚಿರಬಹುದು, ಆದರೆ ವಾಟ್ ಅವರಂತೆ ತಮ್ಮ ದುಡ್ಡಿನಲ್ಲಿ ಬಂದು ಬಾಗಿಲ ಬಳಿ ಕಾಯುತ್ತಿದ್ದವರ ಜಾಗ ಇಕ್ಕಟ್ಟಾಯಿತು. ತಡವಾಗಿ ಬೆಳೆಯುವ ಮಕ್ಕಳಿಗೆ ಅದೇ ಜಾಗ ಬೇಕಾದ್ದು.

ನಮ್ಮ 72ನೇ ನಂಬರಿನ ಹುಡುಗನ ಕತೆ ಮುಗಿಸುತ್ತೇನೆ. ಬೇಲಿಯ ಬಳಿ ನಿಂತಿದ್ದ ಕೋಚು ಎರಡು ವಾರದ ಮೇಲೆ ಶಾಲೆಯ ಕೋಚಿಗೆ ಫೋನ್ ಮಾಡಿ, ಹುಡುಗನ ತೋಳು ತಮಗೆ ಬೇಕಾದಷ್ಟು ಉದ್ದವಿಲ್ಲ, ಅವನನ್ನು ಕಾಯಿಸುವುದು ತಪ್ಪಾಗುತ್ತದೆ ಎಂದು ನೇರವಾಗಿ ಹೇಳಿದರಂತೆ. ಮನೆಯಲ್ಲಿ ಒಂದು ರಾತ್ರಿ ಬೇಸರ. ಆದರೆ ಅಜ್ಜ ಆ ಕೋಚನ್ನು ಬಹಳ ಹೊಗಳಿದರು. ಬಾಯಿಮಾತಿನ ಆಫರ್ ಕೊಟ್ಟು ಸಹಿ ಹಾಕುವ ತಿಂಗಳಲ್ಲಿ ಫೋನ್ ಎತ್ತದವರನ್ನು ಅವರು ಎಷ್ಟೋ ಕಂಡಿದ್ದರು. ಹುಡುಗ ಈಗ ಡಿವಿಷನ್ ಮೂರರ ಸಣ್ಣ ಕಾಲೇಜೊಂದಕ್ಕೆ ಹೋಗುತ್ತಾನೆ. ಅಲ್ಲಿ ಆಟಕ್ಕೆ ವಿದ್ಯಾರ್ಥಿವೇತನವೇ ಇಲ್ಲ. ಆಡುವ ಆಸೆಗೆ ಆಡುತ್ತಾರೆ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಾನಂತೆ.

ಶಾಲೆಯಲ್ಲಿ ಅವನ ಕೊನೆಯ ಪಂದ್ಯದ ದಿನ ನಾನೂ ಇದ್ದೆ. ಸೋತರು. ದೀಪ ಆರಿಸುವ ಹೊತ್ತಾದರೂ ಹನ್ನೆರಡನೆಯ ತರಗತಿಯ ಹುಡುಗರು ಮೈದಾನ ಬಿಟ್ಟು ಕದಲಲಿಲ್ಲ. ಹುಲ್ಲಿನ ಮೇಲೆ ಕೂತೇ ಇದ್ದರು. ಅಮೆರಿಕದಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳು ಹೈಸ್ಕೂಲ್ ಫುಟ್‌ಬಾಲ್ ಆಡುತ್ತಾರೆ. ಎನ್‌ಸಿಎಎ ಕಾಲೇಜುಗಳಲ್ಲಿ ಯಾವುದೋ ಒಂದು ದರ್ಜೆಯಲ್ಲಿ ಮುಂದುವರಿಯುವವರು ನೂರಕ್ಕೆ ಏಳರ ಆಸುಪಾಸು. ಡಿವಿಷನ್ ಒಂದಕ್ಕೆ ಹೋಗುವವರು ನೂರಕ್ಕೆ ಮೂರೂ ಇಲ್ಲ. ಆ ರಾತ್ರಿ ಹುಲ್ಲಿನ ಮೇಲೆ ಕೂತಿದ್ದವರಲ್ಲಿ ಬಹುತೇಕ ಎಲ್ಲರಿಗೂ ಅದೇ ಕೊನೆಯ ಆಟ. ಅವರ ಆಟವನ್ನು ನಾಲ್ಕು ವರ್ಷ ಬಿಡದೆ ನೋಡಿದವರು ಅವರ ಶಾಲೆಯ ಕೋಚು, ಅಪ್ಪ, ಅಮ್ಮ, ಅಜ್ಜ. ಅವರು ನಕ್ಷತ್ರ ಕೊಡುವವರಲ್ಲ. ಆದರೆ ಅವರಷ್ಟು ಹೊತ್ತು ಯಾರೂ ನೋಡಿರಲಿಲ್ಲ.

ಅಮೆರಿಕದಲ್ಲಿ ಮಗನನ್ನು ಈ ಆಟಕ್ಕೆ ಬಿಟ್ಟಿರುವ ಕನ್ನಡದ ತಂದೆತಾಯಿಗಳೇ, ಅವನ ಅಂಕಪಟ್ಟಿಯನ್ನು ಒಂಬತ್ತನೆಯ ತರಗತಿಯಿಂದಲೇ ನೋಡಿ, ಶಾಲೆಯ ಕೋಚಿನ ಹತ್ತಿರ ಅವನ ಬಗ್ಗೆ ನಿಜ ಹೇಳಿ ಎಂದು ಕೇಳಿ, ನಕ್ಷತ್ರದ ಪಟ್ಟಿಯನ್ನು ಊಟದ ಮೇಜಿಗೆ ತರಬೇಡಿ. ಶುಕ್ರವಾರ ಸಂಜೆ ಮಾತ್ರ ತಪ್ಪದೆ ಮೈದಾನಕ್ಕೆ ಹೋಗಿ ಕೂತುಕೊಳ್ಳಿ.